ನೀಲಪ್ಪ ನಡೆದ ಗಡಿ

ನೀಲಪ್ಪ ಬಗ್ಗಿ ಗದ್ದೆಯ ಮಣ್ಣಿನ ಹೆಂಟೆಯೊಂದನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡ. ನೆರೆದ ಹಿರಿಯರು ಮಾತು ನಿಲ್ಲಿಸಿದರು. ಮೂವತ್ತೆಂಟನೆಯ ಇಸವಿಯ ಬೇಸಿಗೆ ಅದು. ಅಕ್ಕಿಆಲೂರಿನ ಆಚೆಯ ಆ ಊರಲ್ಲಿ ಗಡಿಯ ತಕರಾರು ಬಂದರೆ ಕೇರಿಯ ಹಿರಿಯ ಮಣ್ಣು ಹೊತ್ತು ನಡೆಯಬೇಕು, ಅವನು ನಡೆದದ್ದೇ ಗಡಿ. ಸುಳ್ಳು ನಡೆದರೆ ಅವನ ವಂಶ ಉಳಿಯುವುದಿಲ್ಲ ಎಂದು ಎಲ್ಲರ ನಂಬಿಕೆ. ಉಳಿದ ದಿನ ಅವನ ನೆರಳೂ ಬೀಳದಂತೆ ಸರಿದು ಹೋಗುವವರು, ಆ ಒಂದು ದಿನ ಮಾತ್ರ ಅವನ ಕಾಲನ್ನೇ ನೋಡುತ್ತ ನಿಲ್ಲುತ್ತಿದ್ದರು.

ತಕರಾರು ಮಹಾಲಿಂಗಪ್ಪನ ಗದ್ದೆಗೂ ಹಾಲವ್ವನ ಗದ್ದೆಗೂ. ನಡುವಿನ ಗಡಿಕಲ್ಲು ಎಂದೋ ಹಳ್ಳದ ಪಾಲಾಗಿತ್ತು. ಈಗಿರುವ ಬದು ತಮ್ಮ ಗದ್ದೆಯೊಳಗೆ ನಾಲ್ಕು ಮಾರು ಒತ್ತಿ ಬಂದಿದೆ ಎಂದು ಹಾಲವ್ವನ ಗಂಡ ಸಾಯುವ ಮುಂಚೆ ಹೇಳಿದ್ದ. ಅವಳ ಬಳಿ ಇದ್ದ ಪುರಾವೆ ಅದೊಂದೇ.

ಮಹಾಲಿಂಗಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಊರಿನವರು ಮೊದಲೇ ಹುಷಾರಾಗಿರುತ್ತಿದ್ದರು. ಶ್ರಾವಣ ಬಂದರೆ ಮಠದಲ್ಲಿ ಪುರಾಣ ಹೇಳುವವನು ಅವನೇ. ಸತ್ಯವೆಂದರೇನು, ಪರರ ಸೊತ್ತೆಂದರೇನು ಎಂದು ಅವನು ಬಿಡಿಸಿ ಹೇಳುತ್ತಿದ್ದರೆ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಗಡಿ ನಡೆಸೋಣ ಎಂದವನೂ ಅವನೇ.

"ನನ್ನ ಮಾರಿ ನೋಡಬ್ಯಾಡೋ ನೀಲಪ್ಪ. ನಿಮ್ಮಪ್ಪ ನಿನಗ ತೋರಿಸಿದ ಗಡಿ ಯಾವದೈತಿ, ಅದನ್ನ ನಡಿ," ಎಂದ. ಬಾಯಿಮಾತಿಗೆ ಹೇಳಿದ್ದಲ್ಲ. ಬದು ಸರಿಯಾಗಿಯೇ ಇದೆ ಎಂದು ಅವನು ನಂಬಿದ್ದ.

ನೀಲಪ್ಪ ಹಳ್ಳದ ದಂಡೆಯಿಂದ ಬದುವಿನ ಗುಂಟ ಹೊರಟ. ಹತ್ತು ಹೆಜ್ಜೆ ನಡೆದವನು ಬದು ಇಳಿದು ಮಹಾಲಿಂಗಪ್ಪನ ಗದ್ದೆಗೆ ಕಾಲಿಟ್ಟ. ಆಗ ಮಹಾಲಿಂಗಪ್ಪನಿಗೆ ಇಷ್ಟು ವರ್ಷ ನೆನಪಾಗದ್ದು ನೆನಪಾಯಿತು. ಅವನು ಸಣ್ಣವನಿದ್ದಾಗ ಒಂದು ಬೇಸಿಗೆ ಅಪ್ಪ ಆಳು ಹಚ್ಚಿ ಇದೇ ಬದು ಹಾಕಿಸಿದ್ದ. ಆಳುಗಳಿಗೆ ತಂಬಿಗೆಯಲ್ಲಿ ನೀರು ತಂದುಕೊಟ್ಟವನು ತಾನೇ. ಅವರು ಕಿತ್ತು ಹಾಕಿದ ಹಳೆಯ ಬದು ಈಗ ತಾನು ನಿಂತ ಜಾಗದಲ್ಲೇ ಇತ್ತು.

ನೀಲಪ್ಪ ನೇರ ಬಂದವನು ಅವನಿಂದ ಮಾರು ದೂರದಲ್ಲಿ ನಿಂತ. ಕೇರಿಯವನು ಅದಕ್ಕಿಂತ ಹತ್ತಿರ ಹೋಗುವಂತಿಲ್ಲ, ಧಣಿಯೇ ಸರಿಯಬೇಕು. ಮಣ್ಣು ಹೊತ್ತವನು ಬಾಯಿ ಬಿಡುವಂತೆಯೂ ಇಲ್ಲ. ಅವನು ಕಾದ. ಮಹಾಲಿಂಗಪ್ಪ ಹಿಂದಕ್ಕೆ ನಾಲ್ಕು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಇಡಲಿಲ್ಲ. ಗದರಲಿಲ್ಲ, ಕಣ್ಣು ಕೆಂಪಗೆ ಮಾಡಲಿಲ್ಲ, ನಿಂತಲ್ಲೇ ನಿಂತ. ಎಷ್ಟು ಹೊತ್ತು? ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟು. ನೀಲಪ್ಪ ತಿರುಗಿ ಬದು ಹತ್ತಿದ, ಅದರ ಮೇಲೇ ಕೊನೆಯವರೆಗೆ ನಡೆದು ಮಣ್ಣು ಇಳಿಸಿದ.

"ನಡುವ ನೀಲ್ಯಾ ದಾರಿ ತಪ್ಪಿದ್ದ. ಹೊತ್ತ ಮಣ್ಣ ದಾರಿಗೆ ತಂತು ನೋಡ್ರಿ," ಎಂದರು ಹಿರಿಯರು. ಹಾಲವ್ವ ಆ ಮಣ್ಣಿಗೆ ಕೈಮುಗಿದು ಮನೆಗೆ ಹೋದಳು.

ಎರಡು ದಿನ ಮಹಾಲಿಂಗಪ್ಪನಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಮುಂಜಾನೆ ಕೇರಿಯ ಹೊರಗೆ ನಿಂತು ಕೂಗಿದ. ನೀಲಪ್ಪ ಹೊಸೆಯುತ್ತಿದ್ದ ಹಗ್ಗ ಬಿಟ್ಟು ಬಂದ.

"ಆ ನಾಕು ಮಾರು ಹಾಲವ್ವಗ ಬಿಟ್ಟುಕೊಡ್ತೇನಿ ನೀಲಪ್ಪ."

ನೀಲಪ್ಪನ ಮುಖ ಕಪ್ಪಿಟ್ಟಿತು. "ಬ್ಯಾಡ್ರಿ ಯಪ್ಪಾ. ನೀವು ಬಿಟ್ಟುಕೊಟ್ರ ನೀಲ್ಯಾ ಸುಳ್ಳ ನಡದ ಅಂತ ಆಗ್ತೈತಿ. ನಮ್ಮಪ್ಪ, ನಮ್ಮ ಮುತ್ಯಾ ಹೊತ್ತ ಮಣ್ಣದು. ಈ ಊರಾಗ ನಮ್ಮ ಮನಿತನಕ್ಕ ಇರೋದು ಅದೊಂದ ಹೆಸರ್ರಿ."

"ತಪ್ಪು ನಂದು ಅಂತ ನಾನ ಹೇಳ್ತೇನಿ. ನಾ ಸರೀಲಿಲ್ಲ, ಅದಕ್ಕ ನೀ ತಿರುಗಿದಿ ಅಂತ ಮಠದಾಗ ನಿಂತು ಹೇಳ್ತೇನಿ."

"ಹೇಳ್ರಿ. ತಪ್ಪು ಒಪ್ಪಿಕೊಂಡ ದೊಡ್ಡ ಮನಶ್ಯಾ ಅಂತ ಮಂದಿ ನಿಮಗ ಕೈ ಮುಗಿತಾರ. ನನಗೇನಂತಾರ?"

ಮಹಾಲಿಂಗಪ್ಪ ಅವನು ಬಿಟ್ಟುಬಂದ ಹಗ್ಗದ ಕಡೆ ನೋಡಿದ.

"ಸುಳ್ಳ ನಡದ ಪಾಪ ನನಗ ಬಿಡ್ರಿ. ಮನಿಯಾಗ ಮೊಮ್ಮಕ್ಕಳನ್ನ ನೋಡಿದ್ರ ವಂಶ ಉಳಿತೈತೋ ಇಲ್ಲೋ ಅಂತ ಅಂಜಿಕಿ ಬರ್ತೈತಿ, ಅದನ್ನೂ ತಡ್ಕೋತೇನಿ. ಮನಿತನದ ಹೆಸರ ಕೆಡಸಬ್ಯಾಡ್ರಿ," ಎಂದು ನೀಲಪ್ಪ ಅಲ್ಲೇ ನೆಲಕ್ಕೆ ಅಡ್ಡಬಿದ್ದ. ಮಹಾಲಿಂಗಪ್ಪ ಅವನನ್ನು ಎಬ್ಬಿಸಲು ಕೈ ಚಾಚಿದ. ಕೈ ಅರ್ಧಕ್ಕೇ ನಿಂತಿತು. ತನ್ನ ಬಗ್ಗೆ ಅವನಿಗೆ ಹೇಸಿಗೆ ಎನಿಸಿತು. ಆದರೂ ಮುಟ್ಟಲಿಲ್ಲ.

ಸುಗ್ಗಿ ಬಂತು. ಆ ನಾಲ್ಕು ಮಾರಿನ ಭತ್ತವನ್ನು ಮಹಾಲಿಂಗಪ್ಪ ಬೇರೆಯಾಗಿಯೇ ಬಡಿಸಿ, ಚೀಲ ತುಂಬಿಸಿ, ತಾನೇ ಚಕ್ಕಡಿ ಹೂಡಿಕೊಂಡು ಹಾಲವ್ವನ ಮನೆಗೆ ಒಯ್ದ. ಗೆದ್ದ ಮೇಲೂ ವಿಧವೆಯ ಕೈಬಿಡಲಿಲ್ಲ ಎಂದು ದಾರಿಯಲ್ಲಿ ಕಂಡವರೆಲ್ಲ ಅವನನ್ನು ಹೊಗಳಿದರು. ಒಂದೊಂದು ಹೊಗಳಿಕೆಗೂ ಅವನ ತಲೆ ತಗ್ಗುತ್ತಿತ್ತು. ಅದನ್ನೂ ಅವರು ವಿನಯ ಎಂದುಕೊಂಡರು. ಹಾಲವ್ವನೊಬ್ಬಳಿಗಾದರೂ ನಿಜ ಹೇಳಿಬಿಡಬೇಕು ಎಂದು ಅವನು ಮನಸ್ಸು ಗಟ್ಟಿ ಮಾಡಿಕೊಂಡೇ ಹೊರಟಿದ್ದ.

ಬಾಗಿಲಲ್ಲಿ ಹಾಲವ್ವ ಮೊದಲ ಸೇರು ಭತ್ತವನ್ನು ಸೆರಗೊಡ್ಡಿ ಈಸಿಕೊಂಡಳು. ಅವನು ಬಾಯಿ ತೆರೆಯುವ ಮೊದಲೇ ಬಗ್ಗಿ ಅವನ ಕಾಲು ಮುಟ್ಟಿದಳು.

"ಅಣ್ಣಾರ, ನನ್ನ ಗಂಡ ನಿಮ್ಮಂಥವರ ಮ್ಯಾಲ ಸುಳ್ಳ ಹೇಳಿ ಸತ್ತ. ಅವನ ತಪ್ಪ ಹೊಟ್ಯಾಗ ಹಾಕ್ಕೊಳ್ರಿ."