ಕೊರಳಲ್ಲಿ ತೂಗಿದ ಬೂಟು

ಮೊನ್ನೆ ಕುಮಟಾದ ಔಷಧಿ ಅಂಗಡಿಯಲ್ಲಿ ಯಾರೋ ಮೊಣಕಾಲಿಗೆ ನೋವಿನ ಸ್ಪ್ರೇ ಹೊಡೆದುಕೊಂಡರು. ಆ ಕಟು ವಾಸನೆಗೆ ನನ್ನ ಕೈ ತಾನಾಗಿ ಕೊರಳಿಗೆ ಹೋಯಿತು.

ನನ್ನ ಶಾಲೆಯ ದಿನಗಳ ಮಾತು. ಅಂದು ಭಟ್ಕಳದಲ್ಲಿ ಫೈನಲ್. ಗೋವೆಯ ಕ್ಲಬ್ಬಿನಲ್ಲಿ ಫುಟ್‌ಬಾಲ್ ಆಡಿ, ಮೊಣಕಾಲು ಕೆಟ್ಟು ಊರಿಗೆ ಮರಳಿದ್ದ ಅಪ್ಪ ಕುಮಟಾ ತಂಡದ ಕೋಚ್. ಅದೇ ಕ್ಲಬ್ಬಿನವರು ನಮ್ಮ ತಂಡದ ಮಾರುತಿಯ ಆಟ ನೋಡಲೆಂದೇ ಬಂದಿದ್ದರು. ಅವನು ಗೋಲು ಹೊಡೆದ; ಸ್ವಲ್ಪ ಹೊತ್ತಿಗೇ ಮೊಣಕಾಲು ತಿರುಚಿ ಬಿದ್ದ. ಸ್ಪ್ರೇ ಹೊಡೆಸಿಕೊಂಡು ಮತ್ತೆ ಓಡಿದ. ಅಷ್ಟರಲ್ಲಿ ಆಜಾನ್ ಕೇಳಿತು. ಅಲ್ಲಿಯ ರೂಢಿಯಂತೆ ಆಟ ನಿಂತಿತು, ಎದುರಿನ ಭಟ್ಕಳ ತಂಡದವರು ನಮಾಜಿಗೆ ಹೋದರು.

ಆ ಬಿಡುವಿನಲ್ಲಿ ಅಪ್ಪ ಮಾರುತಿಯ ಮೊಣಕಾಲು ಒತ್ತಿ ನೋಡಿದ. ಅದು ಎಳನೀರಿನ ಕಾಯಿಯಂತೆ ಊದಿತ್ತು. ಅಪ್ಪ ಅವನ ಬೂಟು ಬಿಚ್ಚಿ, ಲೇಸುಗಳನ್ನು ಗಂಟು ಹಾಕಿ ನನ್ನ ಕೊರಳಿಗೆ ತೂಗುಹಾಕಿದ.

"ಯಾರು ಕೇಳಿದ್ರೂ ಕೊಡ್ಬೇಡ, ಆತಾ?"

"ಎಂತ ಸರ್ ಇದು? ಅವ್ರು ಬಂದದ್ದೇ ನನ್ನ ನೋಡೂಕೆ. ಇನ್ನೊಂದ್ಸಲ ಸ್ಪ್ರೇ ಹೊಡೀರಿ, ಆಡ್ತೆ," ಎಂದ ಮಾರುತಿ.

"ನಂಗೂ ಹಿಂಗೇ ಸ್ಪ್ರೇ ಹೊಡೆದು ಆಡ್ಸಿದ್ರು," ಎನ್ನುತ್ತ ಅಪ್ಪ ಡಬ್ಬಿ ಖಾಲಿಯಾಗುವವರೆಗೂ ಸ್ಪ್ರೇಯನ್ನು ಮಣ್ಣಿಗೆ ಹೊಡೆದ.

ಮಾರುತಿ ನನ್ನತ್ತ ಕೈ ಚಾಚಿದ. ನಾನು ಬೆವರಿನಿಂದ ಒದ್ದೆಯಾದ ಬೂಟುಗಳನ್ನು ಎದೆಗೆ ಅವಚಿಕೊಂಡೆ.

ನಾವು ಸೋತೆವು. ಕ್ಲಬ್ಬಿನವರು ಎದ್ದು ಹೋದರು. ನಮ್ಮೂರವರೇ ಅಪ್ಪನಿಗೆ ಬಾಯಿಗೆ ಬಂದಂತೆ ಬೈದರು.

ಬಸ್ಸಿಗೆ ಮಾರುತಿ ಯಾರ ಕೈಯನ್ನೂ ಹಿಡಿಯದೆ, ಕುಂಟುತ್ತಲೇ ಹತ್ತಿದ. ಹಿಂದೆ ಅಪ್ಪ, ಯಾವಾಗಿನಂತೆ ನನ್ನ ಹೆಗಲ ಮೇಲೆ ಭಾರ ಬಿಟ್ಟು, ಹಲ್ಲು ಕಚ್ಚಿ ಒಂದೊಂದೇ ಮೆಟ್ಟಿಲು ಹತ್ತಿದ. ಮಾರುತಿ ತಿರುಗಿ ನೋಡಿದ. ಬೂಟು ಮತ್ತೆ ಕೇಳಲಿಲ್ಲ.