ಹೂ ಬಿಟ್ಟ ಮೇಲೆ ಹೆಸರು

ಬೋರ್ಡು ಬರೆಯುವ ಪೇಂಟರ್ ಈ ಸಲ ಎಲೆ ತಂದಿರಲಿಲ್ಲ, ಕುಂಡವನ್ನೇ ಎತ್ತಿಕೊಂಡು ಬಂದಿದ್ದ. ಬಣ್ಣದ ಕಲೆಗಳಿದ್ದ ಹಳೆಯ ಬನಿಯನ್ನಿನಲ್ಲಿ ಸುತ್ತಿದ್ದ ಅದನ್ನು ಮೇಜಿನ ಮೇಲಿಟ್ಟು, ಮೂರು ಮಹಡಿ ಹತ್ತಿದ ಏದುಸಿರು ಬಿಡುತ್ತ ನಿಂತ. "ತಗೊಳ್ಳಿ ಮೇಡಂ. ಎಲೆ ನೋಡಿದ್ದಾಯ್ತು, ಎಲೆ ಬೆನ್ನು ನೋಡಿದ್ದಾಯ್ತು. ಈಗ ಇಡೀ ಆಸಾಮೀನೇ ಹಾಜರು."

"ಮೊದ್ಲು ಕೂತ್ಕೊಳ್ರೀ," ಎನ್ನುತ್ತ ಆಕೆ ಕುರ್ಚಿಯ ಮೇಲಿದ್ದ ಕಾಗದದ ಕಟ್ಟನ್ನು ಎತ್ತಿಟ್ಟರು. ಆಕೆ ನೋಡಿಕೊಳ್ಳುತ್ತಿದ್ದ, ಕಾಲೇಜಿನ ಸಸ್ಯಸಂಗ್ರಹದ ಆ ಕೋಣೆಯಲ್ಲಿ ಎರಡನೆಯ ಕುರ್ಚಿಗೆ ಕೆಲಸ ಬಂದದ್ದೇ ಈತ ಬರಲು ಶುರುಮಾಡಿದ ಮೇಲೆ. ಗೋಡೆಯುದ್ದಕ್ಕೂ ಕಬ್ಬಿಣದ ಬೀರುಗಳು. ಅವುಗಳ ಒಳಗೆ ಹಾಳೆಗೆ ಅಂಟಿಸಿದ ಒಣಗಿಡಗಳು, ಒಂದೊಂದರ ಮೂಲೆಯಲ್ಲೂ ಅದರದರ ಹೆಸರು, ಹೆಚ್ಚಿನವು ಆಕೆಯ ಕೈಬರಹದಲ್ಲೇ. ಸುತ್ತ ನುಸಿಗುಳಿಗೆಯ ವಾಸನೆ. ಗಿಡದ ಹೆಸರು ಕೇಳಿಕೊಂಡು ವಿದ್ಯಾರ್ಥಿಗಳು ಮೆಟ್ಟಿಲು ಹತ್ತುವುದು ಎಂದೋ ನಿಂತುಹೋಗಿತ್ತು. ಅವರ ಜೇಬಿನ ಫೋನಿಗೆ ಎಲ್ಲವೂ ಗೊತ್ತು.

ಈತ ಮಾತ್ರ ಗುರುವಾರ ತಪ್ಪಿಸುತ್ತಿರಲಿಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸರದಿ ಕಾಯುತ್ತ ಕೂತಿದ್ದಾಗ, ಅಲ್ಲಿದ್ದ ಬಳ್ಳಿಯ ಒಂದು ತುಂಡನ್ನು ಯಾರಿಗೂ ಕಾಣದಂತೆ ಮುರಿದು ತಂದು ನೀರಿನ ಲೋಟದಲ್ಲಿಟ್ಟಿದ್ದ. ಅದು ಬೇರು ಬಿಟ್ಟು ಕುಂಡಕ್ಕೇರಿತ್ತು. "ಊರಲ್ಲಿರೋರ ಹೆಸರೆಲ್ಲ ಬರ್ದಿದೀನಿ ಮೇಡಂ. ಡಾಕ್ಟ್ರು, ವಕೀಲ್ರು, ಸತ್ತೋರು, ಯಾರನ್ನೂ ಬಿಟ್ಟಿಲ್ಲ. ಮನೇಲಿ ನನ್ನ ಬಿಟ್ರೆ ಇರೋ ಜೀವ ಇದೊಂದೇ. ಇದರ ಹೆಸ್ರೇ ಗೊತ್ತಿಲ್ಲ ಅಂದ್ರೆ ಹೆಂಗೆ?" ಎಂದಿದ್ದ, ಮೊದಲ ದಿನ. ಕುಂಡಕ್ಕೆ ಸಿಕ್ಕಿಸಲೆಂದು ಸಣ್ಣ ತಗಡಿಗೆ ಬಿಳಿ ಬಣ್ಣ ಹೊಡೆದು ಒಣಗಿಸಿಟ್ಟಿದ್ದನಂತೆ. ಬರೆಯುವುದೊಂದೇ ಬಾಕಿ.

ಹೆಸರು ಆಕೆಗೆ ಅಂದೇ ಗೊತ್ತಾಗಿತ್ತು. ಚರ್ಮದಂಥ ದಪ್ಪ ಎಲೆ, ಮುರಿದರೆ ಜಿನುಗುವ ಹಾಲು. ಹೋಯಾ ಬಳ್ಳಿ, ಮೇಣದಲ್ಲಿ ಎರಕ ಹೊಯ್ದಂಥ ಹೂಗೊಂಚಲು ಬಿಡುತ್ತದೆ. ಮೊದಲ ವರ್ಷದ ಹುಡುಗರೂ ಹೇಳಿಯಾರು. ಮಾತು ನಾಲಿಗೆಯ ತುದಿಗೆ ಬಂದೂ ಆಗಿತ್ತು. ಆದರೆ ಆತ ಆಗಲೇ ಚೀಲ ಹೆಗಲಿಗೇರಿಸಿಕೊಂಡು, ಉತ್ತರ ಸಿಕ್ಕೊಡನೆ ಹೊರಡುವವನಂತೆ ನಿಂತಿದ್ದ. ಆಕೆ ಹೆಸರನ್ನು ನುಂಗಿಕೊಂಡರು. "ಬರೀ ಎಲೆ ನೋಡಿ ಹೇಳೋದು ಕಷ್ಟ. ಹೂ ಬಿಡಲಿ. ಮೊಗ್ಗು ಎಲೆ ಬುಡದಿಂದ ಬರುತ್ತೆ, ಗಮನ ಇಟ್ಟಿರಿ. ಅಲ್ಲೀವರೆಗೂ ವಾರಕ್ಕೊಂದ್ಸಲ ಎಲೆ ತಂದು ತೋರಿಸ್ತಾ ಇರಿ," ಎಂದುಬಿಟ್ಟರು. ಪೂರ್ತಿ ಸುಳ್ಳೇನಲ್ಲ. ಕುಲ ತಿಳಿದರೂ ಪ್ರಭೇದ ಯಾವುದೆಂದು ಹೂವಿಲ್ಲದೆ ಖಚಿತವಾಗಿ ಹೇಳುವುದು ಕಷ್ಟವೇ. ಆ ಅರೆಸತ್ಯವನ್ನು ಹಿಡಿದುಕೊಂಡು ಗುರುವಾರಗಳನ್ನು ದಾಟಿಸಿದ್ದರು. ಎಲೆಗಳಲ್ಲಿ ನೋಡುವಂಥದ್ದು ಏನೂ ಉಳಿಯದಿದ್ದಾಗ, ಕುಂಡವನ್ನೇ ತನ್ನಿ ಎಂದಿದ್ದರು.

ಬೀರುವಿನಿಂದ ಏನನ್ನೋ ತೆಗೆಯಲು ಹೊಸ ಲೆಕ್ಚರರ್ ಒಳಬಂದ. ಕುಂಡ ಕಂಡು ನಕ್ಕ. "ಓಹೋ, ಇದೇನಾ ಆ ಅನಾಮಿಕ? ಮಗೂಗೆ ಮೀಸೆ ಬರೋ ಹೊತ್ತಾಯ್ತು, ಇನ್ನೂ ಹೆಸರಿಟ್ಟಿಲ್ವಾ ಮೇಡಂ?" ಎಂದವನೇ ಫೋನು ತೆಗೆದ. "ಒಂದು ಫೋಟೋ ಹೊಡೆದ್ರೆ ಮುಗೀತು. ಸ್ವಲ್ಪ ಈ ಕಡೆ ತಿರುಗಿಸಿ..."

ಆಕೆಯ ಅಂಗೈ ತಾನಾಗಿ ಎಲೆಗಳ ಮೇಲೆ ಹೋಯಿತು. "ಫೋನ್ ಹೇಳಿದ್ದೆಲ್ಲ ನಿಜ ಆಗಲ್ಲಪ್ಪ."

"ಬೇಡ ಸಾರ್!" ಎಂದು ಪೇಂಟರ್ ಆಕೆಗಿಂತ ಜೋರಾಗಿ ಕೂಗಿದ. ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದ. ಆಮೇಲೆ ತನ್ನ ದನಿಗೆ ತಾನೇ ನಾಚಿದವನಂತೆ ಕೂತು, "ಮೇಡಂ ಹೇಳಿದ ಹಾಗೇ ಆಗ್ಲಿ. ನಮಗೇನು, ರೈಲು ಹೋಗಿಬಿಡುತ್ತಾ?" ಎಂದ.

"ನಿಮ್ಮ ಗಿಡ, ನಿಮ್ಮಿಷ್ಟ," ಎಂದು ಲೆಕ್ಚರರ್ ಫೋನು ಜೇಬಿಗಿಳಿಸಿ ಬೀರುಗಳ ಸಾಲಿನ ಹಿಂದೆ ಮರೆಯಾದ.

ಆಕೆ ಭೂತಗನ್ನಡಿ ಕೈಗೆತ್ತಿಕೊಂಡರು. ಇನ್ನಷ್ಟು ಹೊತ್ತು ನೋಡುವ ನಟನೆ ಮಾಡಬೇಕಿತ್ತು, ಅಷ್ಟೆ. ಆದರೆ ಬಳ್ಳಿಯ ನಡುವಿನ ಒಂದು ಎಲೆಯ ಬುಡದಲ್ಲಿ ಕೈ ನಿಂತಿತು. ಅಲ್ಲೊಂದು ಗಿಡ್ಡ ತೊಟ್ಟು. ಹೂಗೊಂಚಲನ್ನು ಹೊರುವ ತೊಟ್ಟು. ತುದಿಯಲ್ಲಿ ಗೊಂಚಲಿರಲಿಲ್ಲ. ಉಗುರಿನಿಂದ ಚಿವುಟಿದ ಗಾಯವಿತ್ತು, ಗಾಯದ ಮೇಲೆ ಬಿಳಿ ಹಾಲಿನ ಹನಿ. ಅದಿನ್ನೂ ಒಣಗಿರಲಿಲ್ಲ. ಕೆಳಗೆ, ಮೆಟ್ಟಿಲು ಹತ್ತುವ ಮುಂಚೆಯೇ ಚಿವುಟಿರಬೇಕು. ಕನ್ನಡಿಯನ್ನು ಮೇಲಕ್ಕೆ ಸರಿಸಿದರು. ಮೇಲಿನ ಎಲೆಯ ಬುಡದಲ್ಲೂ ಅಂಥದೇ ತೊಟ್ಟು, ಅಲ್ಲಿನ ಗಾಯ ಒಣಗಿ ಕಪ್ಪಾಗಿತ್ತು. ಅದರ ಮೇಲೆ ಇನ್ನೊಂದು, ಅದಕ್ಕಿಂತ ಹಳೆಯದು.

ಆಕೆ ತಲೆ ಎತ್ತಿದರು. ಪೇಂಟರ್ ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಬಲಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡಿದ್ದ.

"ಮೊಗ್ಗೇನಾದ್ರೂ ಇದೆಯಾ ಮೇಡಂ?" ಬೀರುಗಳ ಹಿಂದಿನಿಂದ ಲೆಕ್ಚರರ್ ಕೇಳಿದ.

ಆಕೆ ಆ ಹಾಲಿನ ಹನಿಯನ್ನು ತಮ್ಮ ಬೆರಳಿನಿಂದ ಒರೆಸಿ ತೆಗೆದರು.

"ಇಲ್ಲಪ್ಪ," ಎಂದರು. "ಈ ವರ್ಷ ಹೂ ಬಿಡೋ ಹಾಗೆ ಕಾಣಲ್ಲ."