ಅಂಗೈ ಅಗಲದ ಮೈದಾನ

"ಮೇಡಂ, ದಯವಿಟ್ಟು ಆಟದ ಬಗ್ಗೆ ಕೂಗಿ ಹೇಳ್ಬೇಡಿ," ಎಂದ ಗ್ಯಾಲರಿಯ ಮೇಲ್ವಿಚಾರಕ.

ಅಕ್ಕ ಮಾತನ್ನು ಅರ್ಧಕ್ಕೇ ನಿಲ್ಲಿಸಿದಳು. ಆಟ ಶುರುವಾಗಿ ಹತ್ತು ನಿಮಿಷವಾಗಿತ್ತು. ಪಕ್ಕದಲ್ಲಿ ಕೂತಿದ್ದ ತಮ್ಮ ಹುಟ್ಟುಕುರುಡ, ಬೆತ್ತದ ಕುರ್ಚಿ ಹೆಣೆಯುವವನು. ಚೆಂಡು ಎಲ್ಲಿಗೆ ಹೋಯಿತೆಂದು ತಿಳಿಯದೆ ಅವನು ಅಕ್ಕನ ಕಡೆ ಕತ್ತು ಚಾಚಿದ.

"ಇವನಿಗೆ ಕಣ್ಣು ಕಾಣಲ್ಲ ಸಾರ್. ನಾನು ಹೇಳಿದ್ರೇನೇ ಇವನಿಗೆ ಆಟ."

"ಅದು ನನಗೂ ಗೊತ್ತು. ಆದ್ರೆ ಕಾಮೆಂಟ್ರಿ ಹಕ್ಕು ಈಗ ಕಂಪನಿದು. ಈ ಸಾಲಲ್ಲಿ ಹದಿನಾರು ಜನ ಇದೀರ, ಒಬ್ರೂ ಕಾಮೆಂಟ್ರಿ ಕೇಳೋ ಇಯರ್‌ಫೋನ್ ಬಾಡಿಗೆಗೆ ತಗೊಂಡಿಲ್ಲ. ಯಾಕೆ ಅಂತ ಮೇಲಿನವರು ಕೇಳ್ತಿದಾರೆ."

ಯಾಕೆಂಬುದು ಆ ಸಾಲಿಗೆಲ್ಲ ಗೊತ್ತಿತ್ತು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಈ ಅಕ್ಕನಿಗೆ ಹನ್ನೆರಡು ವರ್ಷ ಫುಟ್‌ಬಾಲ್ ನೋಡಿಯೂ ಆಫ್‌ಸೈಡ್ ಎಂದರೇನೆಂದು ತಲೆಗೆ ಹತ್ತಿರಲಿಲ್ಲ. ಆದರೆ ಹನ್ನೊಂದು ಜನ ಆಟಗಾರರೂ ಅವಳಿಗೆ ಮನೆಯ ಮಕ್ಕಳು. "ನಾಲ್ಕನೇ ನಂಬರಿನವ್ನು ನಿಂತ್ಕೊಂಡೇ ಬಿಟ್ಟ ಕಣೋ! ಅಂಗಿ ನೋಡು, ಮುದುರಿ ಮುದ್ದೆ ಆಗಿದೆ. ಬೆಳಿಗ್ಗೆ ಹೆಂಡ್ತಿ ಜೊತೆ ಜಗಳ ಆಡ್ಕೊಂಡೇ ಬಂದಿದಾನೆ," ಎಂದು ಅವಳು ಕೂಗಿದರೆ ಸಾಲಿಗೆ ಸಾಲೇ ನಗುತ್ತಿತ್ತು. ತಮ್ಮ ನಗುತ್ತಲೇ ಆಟವನ್ನೂ ಹಿಡಿದುಬಿಡುತ್ತಿದ್ದ. "ಹಂಗಾದ್ರೆ ಬಲಗಡೆ ಖಾಲಿ ಬಿತ್ತು, ಅಲ್ವೇನಕ್ಕಾ?" ಎಂದರೆ, ನಿಜಕ್ಕೂ ಬಲಗಡೆ ಖಾಲಿ ಬಿದ್ದಿರುತ್ತಿತ್ತು. ಇಂಥದ್ದು ಪುಕ್ಕಟೆ ಸಿಗುವಾಗ ಇಯರ್‌ಫೋನ್ ಯಾರಿಗೆ ಬೇಕು?

ಕಂಪನಿ ತಂಡವನ್ನು ಕೊಂಡ ಮೇಲೆ ಒಂದೊಂದೇ ಮಾರಾಟವಾಗುತ್ತ ಬಂದಿತ್ತು. ಮೈದಾನದ ಹೆಸರು ಗೋಡೆಗೆ ಬಳಿಯುವ ಯಾವುದೋ ಬಣ್ಣದ ಡಬ್ಬಿಯವರಿಗೆ ಹೋಯಿತು, ನೆರಳಿರುವ ಕುರ್ಚಿಗಳು ದೊಡ್ಡವರ ಪಾಲಾದವು. ಈಗ ನಾಯಕನನ್ನೂ ಬೇರೆ ತಂಡಕ್ಕೆ ಮಾರಿದ್ದರು. ಇಲ್ಲಿ ಇದೇ ಅವನ ಕೊನೆಯ ಆಟ. ಒದೆಯುವ ಮುಂಚೆ ಎಡಗಾಲಿನ ಕಾಲುಚೀಲವನ್ನು ಎರಡು ಸಲ ಎಳೆದುಕೊಳ್ಳುವ ಆ ನಾಯಕನನ್ನು ತಮ್ಮ ಒಮ್ಮೆಯೂ ಕಂಡವನಲ್ಲ. ಆದರೂ ಅವನನ್ನು ಬೀಳ್ಕೊಡಲೇಬೇಕೆಂದು ಅಕ್ಕ ತಮ್ಮ ಇಬ್ಬರೂ ಹೊಟ್ಟೆ ಬಟ್ಟೆ ಕಟ್ಟಿ ಈ ಎರಡು ಟಿಕೆಟ್ ತೆಗೆಸಿದ್ದರು.

"ಪಿಸುಮಾತಲ್ಲಿ ಹೇಳ್ಲಾ ಸಾರ್?"

"ಈ ಗದ್ದಲದಲ್ಲಿ ನಂಗೆ ಕೇಳ್ಸಲ್ಲಕ್ಕಾ," ಎಂದ ತಮ್ಮ.

ಮೇಲ್ವಿಚಾರಕ ಕೆಟ್ಟವನೇನಲ್ಲ, ಅವನದೂ ಹೊಟ್ಟೆಪಾಡು. "ಇನ್ನೊಂದು ಸಲ ಕೂಗಿದ್ರೆ ನಿಮ್ಮಿಬ್ರನ್ನೂ ಹೊರಗೆ ಕಳಿಸ್ಬೇಕಾಗುತ್ತೆ. ಕಳಿಸ್ದೆ ಇದ್ರೆ ನನ್ನ ಕಳಿಸ್ತಾರೆ," ಎಂದು ತಲೆ ತಗ್ಗಿಸಿದ. ಆಮೇಲೆ ಜೇಬಿನಿಂದ ಒಂದು ಇಯರ್‌ಫೋನ್ ತೆಗೆದು ತಮ್ಮನ ಕೈಗಿಟ್ಟ. "ಇದಕ್ಕೆ ಬಾಡಿಗೆ ಕೊಡ್ಬೇಡಿ." ನಾಲ್ಕು ಮೆಟ್ಟಿಲು ಮೇಲೆ ಹೋಗಿ ಅಲ್ಲೇ ನಿಂತ.

ತಮ್ಮ ಅದನ್ನು ಕಿವಿಗಿಟ್ಟುಕೊಂಡು ಕೂತ.

"ಏನಂತೆ?" ಎಂದಳು ಅಕ್ಕ.

"ಬಿಸ್ಕತ್ತು ಗರಿಗರಿಯಾಗಿದೆಯಂತೆ."

ಅಷ್ಟರಲ್ಲಿ ಗ್ಯಾಲರಿಯೆಲ್ಲ ಎದ್ದು ಬೊಬ್ಬೆ ಹೊಡೆಯಿತು. ತಮ್ಮ ಇಯರ್‌ಫೋನ್ ಕಿತ್ತು ಅತ್ತ ಇತ್ತ ತಿರುಗಿದ. "ಏನಾಯ್ತಕ್ಕಾ? ನಾಯಕನಾ? ಕಾಲುಚೀಲ ಎಳ್ಕೊಂಡ್ನಾ?" ಅಕ್ಕ ಬಾಯಿ ತೆರೆದಳು. ಮೇಲೆ ನಿಂತವನ ಕಡೆ ನೋಡಿ ಮುಚ್ಚಿದಳು. ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು. ತಮ್ಮನಿಗೆ ಕಣ್ಣು ಕೊಡದ ದೇವರ ಜೊತೆ ಅವಳು ಯಾವತ್ತೂ ಜಗಳ ಆಡಿರಲಿಲ್ಲ, ತನ್ನ ಬಾಯಿ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು. ಈಗ ಆ ಬಾಯಿಗೂ ಬೀಗ. ಅಷ್ಟು ಸಾವಿರ ಜನರ ನಡುವೆ ಅವನೊಬ್ಬನೇ ಕತ್ತಲೆಯಲ್ಲಿ ಕೂತಿದ್ದ.

ಅವಳು ಅವನ ಎಡಗೈಯನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡು ಅಂಗೈ ಬಿಡಿಸಿದಳು. ಅದರ ನಡುವೆ ತನ್ನ ಎರಡು ಬೆರಳುಗಳನ್ನು ಕಾಲುಗಳ ಹಾಗೆ ನಿಲ್ಲಿಸಿದಳು. ಇನ್ನೊಂದು ಕೈಯಿಂದ ಅವನ ಕಿರುಬೆರಳನ್ನು ಎರಡು ಸಲ ಎಳೆದಳು.

"ನಾಯಕ!" ಎಂದ ತಮ್ಮ. ಮುಖ ಅರಳಿತು. "ಮಣಿಕಟ್ಟು ನಮ್ಮ ಗೋಲು, ಬೆರಳ ತುದಿ ಅವರ್ದು. ಸರೀನಾ?"

ಅಕ್ಕ ಅವನ ಕೈ ಅದುಮಿದಳು. ಇಸ್ತ್ರಿ ಪೆಟ್ಟಿಗೆಯ ಕಾವಿಗೆ ಒರಟಾಗಿದ್ದ ಆ ಬೆರಳುಗಳು ಓಡಿದವು, ತಿರುಗಿದವು, ಬಿದ್ದು ಎದ್ದವು. ಬೆತ್ತ ಹೆಣೆದು ಪಳಗಿದ ಕೈಗೆ ಒಂದು ತಿರುವೂ ತಪ್ಪಲಿಲ್ಲ. "ಎಡಗಡೆ ಕೊಡೋ, ಎಡಗಡೆ!" ಎಂದು ತಮ್ಮ ಕೂಗಿದ. ಹಿಂದಿನ ಸಾಲಿನ ಮುದುಕನೊಬ್ಬ ಬಗ್ಗಿ ನೋಡಿದ. ಅವನ ಪಕ್ಕದವನೂ ಬಗ್ಗಿದ. ಅಷ್ಟು ದೊಡ್ಡ ಮೈದಾನ ಎದುರಿಗೆ ಬಿದ್ದಿದ್ದರೂ ಸುತ್ತಲಿನವರೆಲ್ಲ ಕತ್ತು ಚಾಚಿ ಕುರುಡನ ಅಂಗೈ ನೋಡತೊಡಗಿದರು. ಮೇಲ್ವಿಚಾರಕನೂ ಇಳಿದು ಬಂದ. ಅಂಗೈಯ ಹಕ್ಕು ಯಾರದೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸ್ವಲ್ಪ ಹೊತ್ತು ನೋಡಿ, ಬೆನ್ನು ತಿರುಗಿಸಿ ನಿಂತ.

ಆಟ ಮುಗಿಯಲು ಹತ್ತು ನಿಮಿಷವಿದ್ದಾಗ ನಾಯಕನ ನಂಬರಿನ ಹಲಗೆ ಮೇಲೆದ್ದಿತು. ಅವನನ್ನು ಹೊರಗೆ ಕರೆದರು. ಜನರೆಲ್ಲ ಎದ್ದು ನಿಂತರು. ತಮ್ಮನ ಕುತ್ತಿಗೆಯಲ್ಲಿ ಜೋತಾಡುತ್ತಿದ್ದ ಇಯರ್‌ಫೋನ್ ಬಣ್ಣದ ಡಬ್ಬಿಯ ಜಾಹೀರಾತಿನ ಹಾಡು ಹಾಡುತ್ತಿತ್ತು. ಅಕ್ಕನ ಎರಡು ಬೆರಳು ಅಂಗೈಯ ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ನಡೆಯತೊಡಗಿದವು. ಒಮ್ಮೆ ನಿಂತು ಹಿಂದಿರುಗಿ ನೋಡಿದವು. ಮತ್ತೆ ನಡೆದವು.

"ಬೇಡ," ಎಂದ ತಮ್ಮ.

ಅಂಚು ದಾಟಲು ಒಂದೇ ಹೆಜ್ಜೆ ಉಳಿದಿತ್ತು. ತಮ್ಮ ಅಂಗೈಯನ್ನು ಮುಷ್ಟಿ ಮಾಡಿ ಆ ಎರಡು ಬೆರಳುಗಳನ್ನು ಹಿಡಿದುಕೊಂಡ. ಆಟ ಮುಗಿದು ಗ್ಯಾಲರಿ ಖಾಲಿಯಾದರೂ ಬಿಡಲಿಲ್ಲ.